ಡೊಂಬಿವಲಿಯ ಡಿಸ್ಕಿಗೆ ಮಂಗಳೂರಿನಿಂದ ದಾರಿ

ಡೊಂಬಿವಲಿಯ ಫ್ಲ್ಯಾಟೊಂದರಲ್ಲಿ ಹಳೆಯ ಲ್ಯಾಪ್‌ಟಾಪೇ ಮನೆಯ ಸರ್ವರ್ ಆಗಿದೆ ಎನ್ನಿ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಯಕ್ಷಗಾನ, ಮದುವೆಯ ವಿಡಿಯೊ, ಮಾಟುಂಗದಲ್ಲಿ ನಡೆದ ಕನ್ನಡ ನಾಟಕದ ರೆಕಾರ್ಡಿಂಗ್ ಎಲ್ಲ ಅದರೊಳಗಿವೆ. 2018ರಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಜೆಲ್ಲಿಫಿನ್ ಅವನ್ನು ಮನೆಯ ಟಿವಿಗೆ ಚೆನ್ನಾಗಿ ಬಡಿಸುತ್ತದೆ. ಮಂಗಳೂರಿನಲ್ಲಿರುವ ಅಜ್ಜಿ ಫೋನಿನಲ್ಲಿ ನೋಡಹೊರಟರೆ ಮಾತ್ರ ಪರದೆ ಖಾಲಿ.

ಇದಕ್ಕೆ ಕಾರಣ ಇಂಟರ್ನೆಟ್ ವಿಳಾಸಗಳ ಬರ. ಹಳೆಯ ಐಪಿವಿ4 ವಿಳಾಸದ ಉದ್ದ 32 ಬಿಟ್. ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಮನೆಮನೆಗೆ ಫೈಬರ್ ಬರುವ ಹೊತ್ತಿಗೆ ಹಂಚಲು ವಿಳಾಸ ಉಳಿದಿರಲಿಲ್ಲ. ಹಾಗಾಗಿ ಅನೇಕ ಕಂಪನಿಗಳು ಒಂದೇ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುತ್ತವೆ. ಈ ವ್ಯವಸ್ಥೆಯ ಹೆಸರು ಸಿಜಿ-ನ್ಯಾಟ್.

ಮುಂಬಯಿಯ ಹೌಸಿಂಗ್ ಸೊಸೈಟಿಯ ಗೇಟಿನಂತೆಯೇ ಇದು. ಒಳಗಿನವರು ಏನಾದರೂ ತರಿಸಿದ್ದರೆ ವಾಚ್‌ಮನ್ ತನ್ನ ರಿಜಿಸ್ಟರ್ ನೋಡಿ ಒಳಗೆ ಬಿಡುತ್ತಾನೆ. ಫ್ಲ್ಯಾಟ್ ನಂಬರ್ ಗೊತ್ತಿಲ್ಲದೆ ಬಂದವರನ್ನು ವಾಪಸು ಕಳಿಸುತ್ತಾನೆ. ಸಿನಿಮಾ ತರಿಸಿಕೊಂಡು ನೋಡುವವರಿಗೆ ತೊಂದರೆಯಿಲ್ಲ, ಸಿನಿಮಾ ಹಂಚುವವರಿಗೆ ತೊಂದರೆ.

ರೂಟರ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವೂ ಇದೇ ಗೇಟಿನೊಳಗಿದ್ದೀರಿ. ಗೇಟು ಕಂಪನಿಯದಾದ್ದರಿಂದ ಆಗ ನಿಮ್ಮ ರೂಟರಿನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆದು ಪ್ರಯೋಜನವಿಲ್ಲ.

ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಹೆಚ್ಚಿನ ಹಣ ಕೊಟ್ಟು ಕಂಪನಿಯಿಂದ ಸ್ಥಿರ ವಿಳಾಸ ಪಡೆಯುವುದು. ಎರಡನೆಯದು ಐಪಿವಿ6. ಇದರ ವಿಳಾಸ 128 ಬಿಟ್, ಕೊರತೆಯ ಮಾತೇ ಇಲ್ಲ. ಆದರೆ ಎರಡೂ ತುದಿಗಳಲ್ಲಿ ಅದು ಇರಬೇಕು. ಮೂರನೆಯದು ಖಾಸಗಿ ಸುರಂಗ. 2020ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ವೈರ್‌ಗಾರ್ಡ್, ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಈ ಬಗೆಯವು. ಟೇಲ್‌ಸ್ಕೇಲ್‌ನಲ್ಲಿ ಸರ್ವರ್ ಮತ್ತು ಫೋನ್ ಎರಡೂ ತಾವಾಗಿಯೇ ಹೊರಗೆ ಕರೆ ಮಾಡುತ್ತವೆ. ಆ ಕರೆಗಳಿಗೆ ಬಂದ ಉತ್ತರದ ರೂಪದಲ್ಲಿ ಪರಸ್ಪರ ಸೇರುತ್ತವೆ. ಮಾತುಕತೆಯೆಲ್ಲ ಗೂಢಲಿಪಿಯಲ್ಲಿ.

ಸಂಪರ್ಕ ಸಿಕ್ಕ ಮೇಲೆ ವೇಗದ ಪ್ರಶ್ನೆ. ಅಜ್ಜಿಗೆ ಡೌನ್‌ಲೋಡ್ ಆಗುವುದು ನಿಮಗೆ ಅಪ್‌ಲೋಡ್. ಒಳ್ಳೆಯ ಎಚ್‌ಡಿ ವಿಡಿಯೊಗೆ ಸೆಕೆಂಡಿಗೆ 5ರಿಂದ 10 ಮೆಗಾಬಿಟ್ ಬೇಕು. ಪ್ಲಾನ್ ಕೊಳ್ಳುವಾಗ ಅಪ್‌ಲೋಡ್ ವೇಗ ಎಷ್ಟೆಂದು ಕೇಳಿ.

ಭದ್ರತೆ ಇನ್ನೂ ದೊಡ್ಡ ಪ್ರಶ್ನೆ. 2022ರಲ್ಲಿ ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಗೇ ಕನ್ನ ಬಿತ್ತು. ಕಳ್ಳರು ನುಗ್ಗಿದ್ದು ಅದರ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರ್ ಮೂಲಕ. ಅಲ್ಲಿದ್ದ ಪ್ಲೆಕ್ಸ್ ಮೀಡಿಯಾ ತಂತ್ರಾಂಶದ ದೋಷಕ್ಕೆ 2020ರಲ್ಲೇ ಪರಿಹಾರ ಬಂದಿತ್ತು. ಎಂಜಿನಿಯರ್ ಮಾತ್ರ ಅಪ್‌ಡೇಟ್ ಮಾಡಿರಲಿಲ್ಲ.

ಆದ್ದರಿಂದ ನೋಡುವವರು ಮನೆಯವರಷ್ಟೇ ಆಗಿದ್ದರೆ ಸರ್ವರನ್ನು ಇಡೀ ಜಗತ್ತಿಗೆ ತೆರೆದಿಡಬೇಡಿ. ಖಾಸಗಿ ಸುರಂಗವೇ ಸಾಕು. ಅಜ್ಜಿಯ ಫೋನಿನಲ್ಲಿ ಅದನ್ನು ಒಮ್ಮೆ ಹಾಕಿಕೊಡಿ, ಸರ್ವರನ್ನು ತಪ್ಪದೆ ಅಪ್‌ಡೇಟ್ ಮಾಡಿ, ಅಮೂಲ್ಯ ರೆಕಾರ್ಡಿಂಗ್‌ಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ.