ಸೋಪು, ನೀರು, ಸೆಪ್ಟೆಂಬರ್ 28

ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಅಂತಾರಾಷ್ಟ್ರೀಯ ದಿನಗಳಿವೆ. ಬೇರೆ ಸಂಸ್ಥೆಗಳು ಗೊತ್ತುಮಾಡಿಕೊಂಡ ದಿನಗಳು ಇನ್ನೂ ಎಷ್ಟೋ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು, ಶಾಲಾ ಮಕ್ಕಳ ಜಾಥಾ, ಗಣ್ಯರ ಭಾಷಣ, ಬ್ಯಾನರ್ ಹಿಡಿದು ಫೋಟೊ, ಮರುದಿನ ಎಲ್ಲವೂ ಮರೆವು. ಇವೆಲ್ಲ ಬರೀ ತೋರಿಕೆ ಎನ್ನುವವರ ಮಾತನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಆದರೆ ಎಲ್ಲ ದಿನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. ಕೆಲವು ಸಮಸ್ಯೆಗಳ ವಿಷಯ ಜನರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ, ಪರಿಹಾರ ಮಾತ್ರ ಅವರ ಕೈಯಲ್ಲಿರುವುದಿಲ್ಲ. ಅಲ್ಲಿ ಅರಿವು ಮೂಡಿಸುತ್ತೇವೆಂದು ಹೊರಟು ಹೆಚ್ಚು ಪ್ರಯೋಜನವಿಲ್ಲ. ಇನ್ನು ಕೆಲವು ಕಡೆ ಗೊತ್ತಿಲ್ಲದಿರುವುದೇ ಜೀವ ತೆಗೆಯುತ್ತದೆ. ರೇಬಿಸ್ ಈ ಎರಡನೆಯ ಜಾತಿಯದು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನವನ್ನು ನಾವು ಬಿಡಬಾರದು, ಈಗಿನದಕ್ಕಿಂತ ಚೆನ್ನಾಗಿ ಬಳಸಿಕೊಳ್ಳಬೇಕು ಎನ್ನುವುದು ಇದೇ ಕಾರಣಕ್ಕೆ.

ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು. ಆ ದಿನವನ್ನು ರೇಬಿಸ್ ತಡೆಗೆ ಮೀಸಲಿಡಲಾಗಿದೆ. ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಪಾಶ್ಚರ್ ತಮ್ಮ ಲಸಿಕೆ ಕೊಡಿಸಲು ತೊಡಗಿದ್ದು 1885ರ ಜುಲೈ 6ರಂದು. ಹುಡುಗ ಬದುಕಿದ. ಮದ್ದು ಸಿಕ್ಕಿ ಸುಮಾರು ನೂರ ನಲವತ್ತು ವರ್ಷವಾದರೂ ವರ್ಷಕ್ಕೆ ಸುಮಾರು 59,000 ಜನ ಈ ರೋಗಕ್ಕೆ ಬಲಿಯಾಗುತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಭಾರತದ್ದು. ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತರಷ್ಟು ಹದಿನೈದು ವರ್ಷದೊಳಗಿನ ಮಕ್ಕಳು.

ಕಚ್ಚಿದ ಮೇಲಿನ ಮೊದಲ ಅರ್ಧ ಗಂಟೆಯಲ್ಲಿ ಏನಾಗುತ್ತದೆ ನೋಡಿ. ನಾಯಿಯ ಜೊಲ್ಲಿನಲ್ಲಿರುವ ವೈರಾಣು ಆಗ ಗಾಯದಲ್ಲೇ ಇರುತ್ತದೆ, ಸಾಮಾನ್ಯವಾಗಿ ನರಕ್ಕೆ ಇನ್ನೂ ಹತ್ತಿರುವುದಿಲ್ಲ. ಅದರ ಹೊರಪದರ ಜಿಡ್ಡಿನದು, ಸೋಪಿಗೆ ಒಡೆಯುತ್ತದೆ. ನಲ್ಲಿ ಬಿಟ್ಟುಕೊಂಡು ಹದಿನೈದು ನಿಮಿಷ ಬಟ್ಟೆ ಸೋಪಿನಲ್ಲೇ ಆದರೂ ಸರಿ, ಗಾಯ ತೊಳೆದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೈಗೆ ಮೊದಲು ಬರುವುದು ಸುಣ್ಣ, ಅರಿಶಿನ, ಖಾರದ ಪುಡಿ. ಇವು ವೈರಾಣುವನ್ನು ಕೊಲ್ಲುವುದಿಲ್ಲ, ಗಾಯವನ್ನು ಕೆದಕುತ್ತವೆ. ನರ ಹಿಡಿದ ವೈರಾಣು ಮಿದುಳು ಮುಟ್ಟಲು ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಲಸಿಕೆ ಕೆಲಸ ಮಾಡುವುದು ಈ ಬಿಡುವಿನಲ್ಲಿ. ರೋಗದ ಲಕ್ಷಣ ಕಾಣಿಸಿ, ನೀರು ಕಂಡರೆ ಗಂಟಲು ಬಿಗಿಯುವ ಹೊತ್ತಿಗೆ ಯಾವ ವೈದ್ಯರ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಭಯದಿಂದ ಇಂದಿಗೂ ಆಸ್ಪತ್ರೆ ತಪ್ಪಿಸುವವರಿದ್ದಾರೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ಅದನ್ನು ನಿಲ್ಲಿಸಿ ಇಪ್ಪತ್ತು ವರ್ಷವೇ ದಾಟಿದೆ. ಈಗ ಚರ್ಮದೊಳಗೆ ಕೊಡುವ ಲಸಿಕೆಗೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ತೋಳಿಗೆ ಪುಟ್ಟ ಚುಚ್ಚುಮದ್ದು. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೇ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಬೇಕು. ಸಣ್ಣ ಗೀರು, ಸಾಕಿದ ನಾಯಿ, ಮರಿ ನಾಯಿ ಎಂದು ಅಸಡ್ಡೆ ಮಾಡುವಂತಿಲ್ಲ.

ಅರಿವು ಮೂಡಿಸಬೇಕೆನ್ನುವ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಅರಿವು ಮೂಡಿಸಿ ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ಮದ್ದು ಇರಬೇಕಲ್ಲ? ಬೀದಿಯ ಕಸ ಎತ್ತದೆ, ನಾಯಿಗಳಿಗೆ ಲಸಿಕೆ ಹಾಕದೆ ಜನರಿಗೆ ಪಾಠ ಹೇಳುವುದು ಸರ್ಕಾರ ತನ್ನ ಹೊಣೆ ಜಾರಿಸುವ ಉಪಾಯವಲ್ಲವೇ? ಈ ಮಾತು ನ್ಯಾಯವಾದದ್ದು. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವುದರಿಂದ ಬೇರು ಇರುವುದು ಅಲ್ಲಿ. ಪ್ರದೇಶವೊಂದರ ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುತ್ತದೆ. ನಾಯಿಗಳನ್ನು ಕೊಂದರೆ ಇದು ಆಗುವುದಿಲ್ಲ. ಖಾಲಿಯಾದ ಬೀದಿಗೆ ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ. ಮೆಕ್ಸಿಕೊ 1990ರಲ್ಲಿ ನಾಯಿಗಳ ಸಾಮೂಹಿಕ ಲಸಿಕೆ ಅಭಿಯಾನಕ್ಕೆ ಇಳಿಯಿತು, ಅದಕ್ಕೆಂದೇ ರಾಷ್ಟ್ರೀಯ ಸಪ್ತಾಹ ಗೊತ್ತುಮಾಡಿತು. ನಾಯಿಯಿಂದ ಮನುಷ್ಯರಿಗೆ ಹರಡುವ ರೇಬಿಸ್‌ನಿಂದ ಮುಕ್ತವೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿದ ಮೊದಲ ದೇಶ ಅದು. ನಮ್ಮ ಪಕ್ಕದ ಗೋವಾ ವರ್ಷ ವರ್ಷವೂ ನಾಯಿಗಳಿಗೆ ಲಸಿಕೆ ಹಾಕಿಸುತ್ತ, ಶಾಲೆ ಶಾಲೆಯಲ್ಲೂ ಮಕ್ಕಳಿಗೆ ತಿಳಿಹೇಳುತ್ತ 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವೆನಿಸಿಕೊಂಡಿತು. ಎರಡು ಕಡೆಯೂ ನಾಯಿಗಳಿಗೆ ಲಸಿಕೆ ಹಾಕಿಸಲು ವಿಷಯ ತಿಳಿದ ಜನರೂ ಬೇಕಾಗಿದ್ದರು. ಅರಿವನ್ನು ಲಸಿಕೆಯ ಎದುರಾಳಿಯಾಗಿ ನಿಲ್ಲಿಸುವ ವಾದ ಇಲ್ಲಿ ಸೋಲುತ್ತದೆ.

ಗೊತ್ತಾದ ತಾರೀಖಿಗೆ ಬೇರೊಂದು ಬಲವೂ ಇದೆ: ಅಧಿಕಾರದಲ್ಲಿರುವವರನ್ನು ಲೆಕ್ಕ ಕೇಳಲು ಅದು ಆಸರೆಯಾಗುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಸಾವುಗಳನ್ನು ಇಲ್ಲವಾಗಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಕೇಂದ್ರ ಸರ್ಕಾರ ಹೊರತಂದದ್ದು 2021ರ ಸೆಪ್ಟೆಂಬರ್ 28ರಂದೇ. ಮರುವರ್ಷ ಕರ್ನಾಟಕ ಮನುಷ್ಯರ ರೇಬಿಸ್ ಅನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಅಂದರೆ ಖಾಸಗಿ ಆಸ್ಪತ್ರೆಯೂ ಸೇರಿ ಎಲ್ಲರೂ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಎಣಿಸದ ಸಾವು ಯಾರ ಬಜೆಟ್ಟಿಗೂ ಬರುವುದಿಲ್ಲವಾದ್ದರಿಂದ ಇದು ಸಣ್ಣ ಹೆಜ್ಜೆಯಲ್ಲ. ಪ್ರತಿ ಸೆಪ್ಟೆಂಬರ್ 28ಕ್ಕೆ ಜಿಲ್ಲಾಡಳಿತಗಳು ಭಾಷಣಕ್ಕೆ ಬದಲು ಮೂರು ಅಂಕಿ ಪ್ರಕಟಿಸಲಿ: ತಾಲ್ಲೂಕಿನಲ್ಲಿ ಎಷ್ಟು ನಾಯಿಗಳಿಗೆ ಲಸಿಕೆಯಾಯಿತು, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ದಿನ ಮದ್ದಿರಲಿಲ್ಲ, ಎಷ್ಟು ಜನ ಸತ್ತರು. ಶಾಲೆಗಳ ವಿಷಯದಲ್ಲಿ ಮಾತ್ರ ಈ ತಾರೀಖಿಗೆ ಅಂಟಿಕೊಳ್ಳಬೇಕಿಲ್ಲ. ಕೆಲವು ವರ್ಷ ಅದು ದಸರಾ ರಜೆಯಲ್ಲೇ ಬೀಳುತ್ತದೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ನಲ್ಲಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಗಾಯ ಹೇಗೆ ತೊಳೆಯಬೇಕೆಂದು ಒಮ್ಮೆ ಮಾಡಿ ತೋರಿಸಲಿ. ನಾಯಿ ಕಚ್ಚಿತೆಂದು ಹೇಳಿದರೆ ಮನೆಯಲ್ಲಿ ಬೈಯುತ್ತಾರೆ ಎಂದು ಮಕ್ಕಳು ಮುಚ್ಚಿಡುವುದುಂಟು. ಅದನ್ನು ಹೇಳಿಯೇ ಬಿಡಬೇಕೆಂದು ಅವರಿಗೂ, ಹೇಳಿದ ಮಗುವನ್ನು ಬೈಯಬಾರದೆಂದು ಪೋಷಕರ ಸಭೆಯಲ್ಲಿ ದೊಡ್ಡವರಿಗೂ ತಿಳಿಸಲಿ.