ಮೆಚ್ಚಿದ ಕಥೆಯ ಪ್ರತಿ

ಓದಿ ಮೆಚ್ಚಿದ ಕಥೆಯ ಪಾತ್ರಗಳನ್ನು ತೆಗೆದುಕೊಂಡು, ಮೂಲದಲ್ಲಿಲ್ಲದ ಪ್ರಸಂಗಗಳನ್ನು ಕಲ್ಪಿಸಿ, ಓದುಗರೇ ಹೊಸ ಕಥೆಗಳನ್ನು ಬರೆದು ಅಂತರ್ಜಾಲದಲ್ಲಿ ಪ್ರಕಟಿಸುವ ಪದ್ಧತಿಯು ಈಗ ಲೋಕದಲ್ಲೆಲ್ಲ ಹಬ್ಬಿದೆ. ಫ್ಯಾನ್ ಫಿಕ್ಷನ್ ಎನ್ನುವ ಇದನ್ನು ಅಭಿಮಾನಿಕಥೆಯೆಂದು ಕರೆಯೋಣ. ನಮ್ಮ ಗಾದಿಗನೂರಿನಿಂದ ಹೊಸಪೇಟೆಯ ಕಾಲೇಜಿಗೆ ಹೋಗುವ ಹುಡುಗಹುಡುಗಿಯರು ಬಸ್ಸಿನಲ್ಲಿ ಕುಳಿತು ಇಂಥವನ್ನು ಓದುವುದನ್ನು ನಾವು ಕಂಡಿದ್ದೇವೆ. ಹಳೆಯ ಕಥೆಗೆ ಹೊಸ ರೂಪ ಕೊಡುವುದು ನಮಗೆ ಅಪರಿಚಿತವಲ್ಲ; ಹಂಪೆಯ ರಾಘವಾಂಕನು ಪುರಾಣಪ್ರಸಿದ್ಧನಾದ ಹರಿಶ್ಚಂದ್ರನನ್ನೇ ತನ್ನ ಕಾವ್ಯದ ನಾಯಕನನ್ನಾಗಿ ಮಾಡಿಕೊಂಡನಷ್ಟೆ. ಅಂಥ ಕಥೆಯ ಪ್ರತಿಯೊಂದನ್ನು ತಮ್ಮಲ್ಲಿ ಇರಿಸಿಕೊಳ್ಳುವ ಓದುಗರು ಪಾಲಿಸತಕ್ಕ ಮರ್ಯಾದೆಯನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಬಿನ್ನವಿಸುವೆವು.

ಪ್ರತಿಯನ್ನು ಇರಿಸಿಕೊಳ್ಳುವ ಆಸೆ ಸಹಜವಾದುದು. ಅಂತರ್ಜಾಲದ ಬರಹವು ಶಿಲಾಶಾಸನದಂತೆ ನಿಲ್ಲತಕ್ಕದ್ದಲ್ಲ. 2009ರಲ್ಲಿ ಯಾಹೂ ಸಂಸ್ಥೆಯು ಜಿಯೋಸಿಟೀಸ್ ಎಂಬ ತಾಣವನ್ನು ಮುಚ್ಚಿದಾಗ, ಜನರು ತಾವಾಗಿ ಕಟ್ಟಿಕೊಂಡಿದ್ದ ಪುಟಗಳು ಅನೇಕವು ಕಣ್ಮರೆಯಾದವು, ಅಭಿಮಾನಿಕಥೆಗಳೂ ಅವುಗಳಲ್ಲಿದ್ದವು. ಅದೇ ವರ್ಷ ತೆರೆದ ಆರ್ಕೈವ್ ಆಫ್ ಅವರ್ ಓನ್ ಎಂಬ ಕಥಾಭಂಡಾರವು ಪ್ರತಿಯನ್ನು ಇಳಿಸಿಕೊಳ್ಳುವ ಅನುಕೂಲವನ್ನು ಓದುಗರಿಗೆ ತಾನೇ ಮಾಡಿಕೊಟ್ಟಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾನೂನು ತನ್ನ 52ನೆಯ ಕಲಮಿನಲ್ಲಿ ಸ್ವಂತಕ್ಕಾಗಿ ಮಾಡುವ ನ್ಯಾಯವಾದ ಉಪಯೋಗಕ್ಕೆ ಎಡೆಯಿತ್ತಿದೆ. ಆದುದರಿಂದ ತಾನು ಓದುವುದಕ್ಕೆ ಒಂದು ಪ್ರತಿಯನ್ನು ಇರಿಸಿಕೊಂಡರೆ ದೋಷವಿಲ್ಲ. ಅದು ನಮ್ಮ ಕೈಬಿಟ್ಟು ಊರಾಡಲು ಹೊರಟಾಗಲೇ ದೋಷವು ಹುಟ್ಟುತ್ತದೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅದು ಪುಣ್ಯವಾದರೆ ಇದೇಕೆ ತಪ್ಪು ಎಂದು ಕೆಲವರು ಕೇಳಬಹುದು. ಓಲೆಗರಿಯ ಕಾಲದಲ್ಲಿ ಪ್ರತಿಯು ದುರ್ಲಭ. ಹಂಚದಿದ್ದರೆ ಕಾವ್ಯವೇ ಅಳಿಯುವ ಭಯವಿತ್ತು. ಇಂದಾದರೋ ಬೆರಳು ತಾಕಿದೊಡನೆ ಸಾವಿರ ಪ್ರತಿಗಳಾಗುತ್ತವೆ. ಬರೆದವರ ಹೆಸರು ದಾರಿಯಲ್ಲಿ ಉದುರಿ, ಮತ್ತೊಬ್ಬರ ಹೆಸರು ಅಂಟಿಕೊಳ್ಳುವುದೂ ಉಂಟು.

ಬರೆದವರು ತಮ್ಮ ಕಥೆಯನ್ನು ಹಿಂತೆಗೆದುಕೊಂಡರೆ ವಿಷಯವು ಇನ್ನೂ ಸೂಕ್ಷ್ಮವಾಗುತ್ತದೆ. ಇವರಲ್ಲಿ ಬಹುಮಂದಿ ಸಂಭಾವನೆಯನ್ನು ಬಯಸದೆ, ಕಾವ್ಯನಾಮದ ಮರೆಯಲ್ಲಿ ಬರೆಯುವವರು. ಉದ್ಯೋಗ, ಮದುವೆಯ ಮಾತು, ಮನೆಯವರ ಅಸಮಾಧಾನ, ಕಾರಣವೇನೇ ಇರಲಿ, ಅದನ್ನು ನಮಗೆ ತಿಳಿಸಬೇಕಾದ ಋಣ ಅವರಿಗಿಲ್ಲ. ಮೇಲೆ ಹೇಳಿದ ಭಂಡಾರದಲ್ಲಿ ಅವರು ಕಥೆಯನ್ನೇ ಅಳಿಸಬಹುದು. ಇಲ್ಲವೆ ಕಥೆಯನ್ನುಳಿಸಿ ತಮ್ಮ ಹೆಸರನ್ನು ಮಾತ್ರ ಬಿಡಿಸಿಕೊಳ್ಳಬಹುದು. ಹಾಗೆ ಉಳಿದದ್ದಕ್ಕೆ ಅನಾಥಕೃತಿಯೆಂಬ ಅರ್ಥದ ಹೆಸರಿದೆ. ನಮ್ಮ ಹಳೆಯ ಪ್ರತಿಯಲ್ಲಿರುವ ಹೆಸರನ್ನು ಹತ್ತು ಜನರಿಗೆ ತೋರಿಸಿದರೆ, ಅವರು ಮುಚ್ಚಿದ ಬಾಗಿಲನ್ನು ನಾವು ತೆರೆದಿಟ್ಟಂತಾಗುವುದು. ಅದರಿಂದ ಒಂದು ಸಂಸಾರದ ನೆಮ್ಮದಿಯೇ ಕೆಡಬಹುದು.

ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಂಡಂತೆ ಬರೆದಿರುವೆವೆಂದು ಹೇಳಿಕೊಂಡು, ಪುಸ್ತಕವನ್ನು ಎಣ್ಣೆ ನೀರುಗಳಿಂದ ಕಾಪಾಡಿರಿ, ಅವಿವೇಕಿಯ ಕೈಗೆ ಕೊಡಬೇಡಿರಿ ಎಂದು ಪ್ರಾರ್ಥಿಸುತ್ತಿದ್ದರು. ಇಂದಿಗೂ ಆ ನಡತೆಯೇ ಸಾಕು. ಬರೆದವರ ಹೆಸರು, ಶೀರ್ಷಿಕೆ, ಅವರ ಮುನ್ನುಡಿ ಇವು ಪ್ರತಿಯಲ್ಲಿ ಯಥಾವತ್ತಾಗಿರಲಿ, ಒಂದಕ್ಷರವನ್ನೂ ತಿದ್ದಬಾರದು. ಸ್ನೇಹಿತರು ಕೇಳಿದರೆ ಕಥೆಯಿರುವ ಸ್ಥಳವನ್ನು ತೋರಿಸತಕ್ಕದ್ದು. ಅನುಮತಿಯಿಲ್ಲದೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಾಗಲಿ, ಅಚ್ಚು ಹಾಕಿಸಿ ಮಾರುವುದಾಗಲಿ ಕೂಡದು. ಹಿಂತೆಗೆದುಕೊಂಡ ಕಥೆಯನ್ನು ಯಾರಾದರೂ ಬೇಡಿದರೆ, ಬರೆದವರ ಇಚ್ಛೆಯಂತಾಯಿತೆಂದು ಹೇಳಿ ಸುಮ್ಮನಾಗುವುದು ಲೇಸು. ಇರಿಸಿಕೊಳ್ಳುವಷ್ಟು ಮೆಚ್ಚಿದ್ದರೆ, ಬರೆದವರು ಕಣ್ಮರೆಯಾಗುವ ಮೊದಲೇ ಆ ಮೆಚ್ಚುಗೆಯನ್ನು ನಾಲ್ಕು ಸಾಲಿನಲ್ಲಿ ಅವರಿಗೆ ತಿಳಿಸಬೇಕು. ಅವರಿಗೆ ಸಲ್ಲುವ ಸಂಭಾವನೆ ಅದೊಂದೇ. ಮಕ್ಕಳ ಕೈಗೆ ಫೋನನ್ನು ಕೊಟ್ಟಿರುವ ಗೃಹಸ್ಥರು ಇದನ್ನೂ ಅವರಿಗೆ ತಿಳಿಸಿಕೊಡಬೇಕೆಂದು ನಮ್ಮ ಬಿನ್ನಹ.