ರಾಗಿಗೆ ಕೇಳದ ಪ್ರಶ್ನೆ

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಕಳೆಯಿತೆಂದರೆ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಚಳಿಗಾಲ ಬಂತೆಂದೇ ಲೆಕ್ಕ. ಪದ್ಮನಾಭನಗರದ ತಳ್ಳುಗಾಡಿಗಳ ಮೇಲೆ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಸಂಜೆಯಾದರೆ ಜಗಲಿಯಲ್ಲಿ, ಟೀವಿಯ ಮುಂದೆ, ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಕುಳಿತು ಕಾಳು ಬಿಡಿಸುವುದು, ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕುವುದು. ಮಧ್ಯಾಹ್ನಕ್ಕೆ ಹಿತಕಿದಬೇಳೆ ಸಾರು, ಬಿಸಿ ಮುದ್ದೆ. ಇದಕ್ಕಿಂತ ಅಪ್ಪಟ ನಮ್ಮ ಊಟ ಇನ್ನೊಂದಿಲ್ಲವೆಂದು ನಾವೆಲ್ಲ ನಂಬಿದ್ದೇವೆ.

ಆದರೆ ತಟ್ಟೆಯಲ್ಲಿರುವುದನ್ನು ಒಂದೊಂದಾಗಿ ವಿಚಾರಿಸಿ ನೋಡಿ. ರಾಗಿಯನ್ನು ಮನುಷ್ಯ ಮೊದಲು ಪಳಗಿಸಿದ್ದು ಇಥಿಯೋಪಿಯಾ, ಉಗಾಂಡಗಳ ಎತ್ತರದ ನೆಲದಲ್ಲಿ. ಅವರೆಯ ಕಾಡು ಪೂರ್ವಜರು ಸಿಗುವುದೂ ಆಫ್ರಿಕದಲ್ಲೇ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಸಾರಿಗೆ ಹಿಂಡಿದ ಹುಣಸೆಯದೂ ಆ ಖಂಡವೇ. ಊಟ ಮುಗಿಸಿ ಸ್ವಲ್ಪ ಹೊತ್ತಿಗೆ ಕುಡಿಯುವ ಕಾಫಿ ಇಥಿಯೋಪಿಯಾದ ಕಾಡಿನಿಂದ ಯೆಮೆನಿಗೆ ದಾಟಿ, ಅಲ್ಲಿಂದ ಬಾಬಾಬುಡನ್ ಹೆಸರಿನ ಜೊತೆ ಚಿಕ್ಕಮಗಳೂರಿನ ಗಿರಿಗೆ ಬಂದದ್ದು. ಉತ್ತರ ಕರ್ನಾಟಕದವರು ನಗುವುದು ಬೇಡ: ಜೋಳವೂ ಸಜ್ಜೆಯೂ ಆಫ್ರಿಕದವೇ.

ರಾಗಿ ಇಲ್ಲಿಗೆ ಯಾವಾಗ ಬಂತೆಂಬುದಕ್ಕೆ ಪಂಡಿತರಲ್ಲಿ ಒಮ್ಮತವಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ಹಳೆಯ ನೆಲೆಯಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ರಾಗಿ ಕಾಳು ದೊರೆತ ವರದಿಯಾಯಿತು. ಆ ಕಾಳಿನ ವಯಸ್ಸಿನ ಬಗ್ಗೆ ಆಮೇಲೆ ಸಾಕಷ್ಟು ತಕರಾರು ನಡೆಯಿತು. ಸಾವಿರಾರು ವರ್ಷದ ಹಿಂದಿನ ವಲಸೆಯಾದ್ದರಿಂದ ಅದು ಹಾಗೇ ಇರಲಿ. ನನಗೆ ಹೆಚ್ಚು ರುಚಿಸುವುದು ಮೊನ್ನೆ ಮೊನ್ನೆ, ಮಂಡ್ಯದಲ್ಲಿ ನಡೆದ ಇನ್ನೊಂದು ಕಥೆ.

ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಎಂಬ ತಳಿ ವಿಜ್ಞಾನಿ ಇದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗವನ್ನು ತಾನೇ ಬಳಸಿಕೊಳ್ಳುವಂಥದ್ದು. ಎರಡು ತಳಿಗಳನ್ನು ಬೆರೆಸುವುದು ಸುಲಭದ ಕೆಲಸವಲ್ಲ. ಅವರು ಆಫ್ರಿಕದಿಂದ ಬಂದ ರಾಗಿಯ ಜೊತೆ ನಮ್ಮ ರಾಗಿಯನ್ನು ಕೂಡಿಸಿದರು. ಅಲ್ಲಿಯದಕ್ಕೆ ದಪ್ಪ ತೆನೆ, ಗಟ್ಟಿ ಕಡ್ಡಿ, ಬೆಂಕಿರೋಗವನ್ನು ತಾಳಿಕೊಳ್ಳುವ ಕಸುವು. ಇಲ್ಲಿಯದಕ್ಕೆ ಚೆನ್ನಾಗಿ ತೆಂಡೆ ಒಡೆದು ಬೇಗ ಕೊಯ್ಲಿಗೆ ಬರುವ ಗುಣ. ಹುಟ್ಟಿದ ಮಕ್ಕಳಿಗೆ ಇಂಡಿಯಾ, ಆಫ್ರಿಕ ಎರಡನ್ನೂ ಸೇರಿಸಿ ‘ಇಂಡಾಫ್’ ಎಂದು ಹೆಸರಿಟ್ಟರು. 70ರ ದಶಕದಲ್ಲಿ ಇಂಡಾಫ್ ತಳಿಗಳು ಹಳೆ ಮೈಸೂರು ಸೀಮೆಯ ಹೊಲಗಳಿಗೆ ಇಳಿದು ಇಳುವರಿಯ ಲೆಕ್ಕವನ್ನೇ ಬದಲಿಸಿದವು. ಇವತ್ತು ರೈತರ ಬಾಯಲ್ಲಿರುವ ಜಿಪಿಯು-28 ತಳಿಯ ಹೆತ್ತವರಲ್ಲೂ ಇಂಡಾಫ್-5, ಇಂಡಾಫ್-9 ಇವೆ. ಅಂದರೆ ನಮ್ಮ ಮುದ್ದೆಗೆ ಆಫ್ರಿಕದ ನೆಂಟಸ್ತಿಕೆ ಇತಿಹಾಸಪೂರ್ವ ಕಾಲದ ಸಂಗತಿ ಮಾತ್ರವಲ್ಲ, ನಮ್ಮ ತಂದೆಯರ ಕಾಲದಲ್ಲಿ ಮತ್ತೊಮ್ಮೆ ಬೆಸೆದದ್ದು. ಆ ಮನುಷ್ಯನಿಗೆ ಬೆಂಗಳೂರು ಒಂದು ದೊಡ್ಡ ರಸ್ತೆಯ ಹೆಸರನ್ನಾದರೂ ಕೊಡಬಹುದಿತ್ತು.

ಬೆಳೆಯ ವಿಷಯದಲ್ಲಿ ನಾವು ದೊಡ್ಡ ಮನಸ್ಸಿನವರು. ಪರಿಷೆಯ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರ ಕಾಲದ ಹಡಗುಗಳಲ್ಲಿ ಬಂತೆನ್ನುತ್ತಾರೆ. ಆದರೂ ಬಸವನಗುಡಿಯ ಜಾಗದಲ್ಲಿದ್ದ ಸುಂಕೇನಹಳ್ಳಿಯ ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸಿದ ಕಥೆಯಲ್ಲಿ ಅದು ಎಷ್ಟು ಹಾಯಾಗಿ ಕೂತಿದೆ! ದೊಡ್ಡ ಬಸವನೂ ‘ನಿನ್ನದು ಯಾವೂರು’ ಎಂದು ಕಡಲೆಕಾಯನ್ನು ಕೇಳಿದಂತಿಲ್ಲ.

ಇದೇ ಚಳಿಗಾಲದಲ್ಲಿ, ಡಿಸೆಂಬರ್ ಕೊನೆಗೆ, ಸಮುದ್ರದಾಚೆ ಇನ್ನೊಂದು ಮೊದಲ ಫಸಲಿನ ಹಬ್ಬ ನಡೆಯುತ್ತದೆ. ಹೆಸರು ಕ್ವಾಂಜಾ. ಲಾಸ್ ಏಂಜಲೀಸ್ ನಗರದ ವಾಟ್ಸ್ ಬಡಾವಣೆ 1965ರಲ್ಲಿ ಗಲಭೆಯಲ್ಲಿ ಹೊತ್ತಿ ಉರಿದ ಮರುವರ್ಷ, ಮೌಲಾನಾ ಕರೆಂಗಾ ಎಂಬ ಕಪ್ಪು ಚಿಂತಕ ಅಮೆರಿಕದ ಕಪ್ಪು ಜನರಿಗಾಗಿ, ಅವರ ಆಫ್ರಿಕದ ಬೇರುಗಳ ನೆನಪಿಗೆ ಅದನ್ನು ಕಟ್ಟಿದರು. ಡಿಸೆಂಬರ್ 26ರಿಂದ ಜನವರಿ 1ರವರೆಗೆ ಏಳು ದಿನ. ಚಾಪೆ ಹಾಸಿ, ಹಣ್ಣು ಹಂಪಲು ಇಟ್ಟು, ಮನೆಯ ಮಕ್ಕಳ ಲೆಕ್ಕಕ್ಕೆ ತಕ್ಕಂತೆ ಮೆಕ್ಕೆಜೋಳದ ತೆನೆ ಜೋಡಿಸಿ, ನಡುವೆ ಒಂದು ಕಪ್ಪು, ಅತ್ತಿತ್ತ ಮೂರು ಕೆಂಪು, ಮೂರು ಹಸಿರು ಮೇಣದಬತ್ತಿಗಳನ್ನು ದಿನಕ್ಕೊಂದರಂತೆ ಹಚ್ಚುತ್ತಾರೆ. ಒಗ್ಗಟ್ಟು, ಸ್ವನಿರ್ಧಾರ, ಕೂಡಿ ದುಡಿಯುವುದು, ಕೂಡಿ ನಡೆಸುವ ವ್ಯಾಪಾರ ಎಂದು ಒಂದೊಂದು ದಿನಕ್ಕೆ ಒಂದೊಂದು ತತ್ತ್ವ. ಹಿರಿಯರ ಹೆಸರಲ್ಲಿ ನೀರು ಬಿಡುತ್ತಾರೆ. 31ರ ರಾತ್ರಿ ದೊಡ್ಡ ಊಟ.

ಟೀಕಿಸುವವರಿಗೆ ಇದರಲ್ಲಿ ಬೇಕಾದಷ್ಟು ಸಿಗುತ್ತದೆ. ಹಬ್ಬದ ಮಾತೆಲ್ಲ ಸ್ವಾಹಿಲಿ, ಅದು ಪೂರ್ವ ಆಫ್ರಿಕದ ನುಡಿ. ಅಮೆರಿಕಕ್ಕೆ ಸರಪಳಿಯಲ್ಲಿ ಹೋದವರಲ್ಲಿ ಬಹುಪಾಲು ಪಶ್ಚಿಮ ಮತ್ತು ಮಧ್ಯ ಆಫ್ರಿಕದವರು. ಚಾಪೆಯ ಮೇಲಿನ ಮೆಕ್ಕೆಜೋಳ ಅಮೆರಿಕದ್ದೇ. ಆದರೆ ಇದರಲ್ಲಿ ಹಾಸ್ಯಕ್ಕಿಂತ ನೋವೇ ಹೆಚ್ಚು. ಊರು, ನುಡಿ, ಮನೆದೇವರು, ಅಜ್ಜನ ಹೆಸರು ಎಲ್ಲವನ್ನೂ ಹಡಗಿನಲ್ಲೇ ಕಳೆದುಕೊಂಡ ಜನಕ್ಕೆ ತಮ್ಮ ಹಬ್ಬವನ್ನು ತಾವೇ ಕಟ್ಟಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಕಟ್ಟಿಕೊಂಡರು. ಇವತ್ತಿಗೂ ನಡೆಯುತ್ತಿದೆ.

ಹಾಗಾದರೆ ಪದ್ಮನಾಭನಗರದಲ್ಲಿ ಏಳು ಮೇಣದಬತ್ತಿ ಹಚ್ಚೋಣವೇ? ಬೇಡ. ಆಫ್ರಿಕದ ಪರಂಪರೆಯನ್ನು ನೆನೆಯಲು ಕ್ಯಾಲಿಫೋರ್ನಿಯಾ ಕಡೆ ನೋಡುವ ಅಗತ್ಯ ಕನ್ನಡಿಗರಿಗಿಲ್ಲ. ಆ ಪರಂಪರೆಯ ಜನ ನಮ್ಮದೇ ರಾಜ್ಯದಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ, ಜೋಯಿಡಾಗಳ ಕಾಡಂಚಿನ ಸಿದ್ದಿಗಳು.

ಗೋವಾ 1510ರಲ್ಲಿ ಪೋರ್ಚುಗೀಸರ ಕೈಗೆ ಹೋದ ಮೇಲೆ ಪೂರ್ವ ಆಫ್ರಿಕದ ಕರಾವಳಿಯಿಂದ ಗುಲಾಮರನ್ನು ಹಡಗಿಗೆ ತುಂಬಿ ತಂದರು. ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಉತ್ತರ ಕನ್ನಡದ ದಟ್ಟ ಕಾಡು ಸೇರಿದರು. ಆಫ್ರಿಕದವರೆಲ್ಲ ಇಲ್ಲಿ ಗುಲಾಮರಾಗಿಯೇ ಉಳಿದರೆಂದಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, 1626ರಲ್ಲಿ ಸಾಯುವವರೆಗೂ ಮೊಗಲರ ನಿದ್ದೆ ಕೆಡಿಸಿದ. ವಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಹಬಶಿಗಳ, ಅಂದರೆ ಆಫ್ರಿಕ ಮೂಲದ ಸರದಾರರ, ಪಕ್ಷವೇ ಇತ್ತು. ನಾವು ಪ್ರವಾಸ ಹೋಗಿ ಫೋಟೊ ತೆಗೆಸಿಕೊಳ್ಳುವ ಇಬ್ರಾಹಿಂ ರೋಜಾದ ನಿರ್ಮಾಣದ ಜೊತೆ ಕೇಳಿಬರುವ ಮಲಿಕ್ ಸಂದಲ್ ಎಂಬ ಹೆಸರೂ ಹಬಶಿಯದೇ ಎನ್ನುತ್ತಾರೆ. ಶಾಲೆಯ ಪಾಠದಲ್ಲಿ ಇದಕ್ಕೆ ಎರಡು ಸಾಲೂ ಸಿಗುವುದಿಲ್ಲ.

ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಸಿದ್ದಿಗಳ ವಂಶವಾಹಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅವರ ಪೂರ್ವಜರು ಆಫ್ರಿಕದ ಬಾಂಟು ನುಡಿಗಳನ್ನಾಡುವ ಜನಮೂಲದವರು, ಇಲ್ಲಿಯವರ ಜೊತೆ ರಕ್ತಸಂಬಂಧ ಬೆಳೆದದ್ದು ಕಳೆದ ಇನ್ನೂರು ವರ್ಷಗಳಲ್ಲಿ ಎಂದು ಅದು ಹೇಳುತ್ತದೆ. ಕ್ವಾಂಜಾದವರು ಪುಸ್ತಕ ಹಿಡಿದು ಕಲಿತ ಸ್ವಾಹಿಲಿ ನುಡಿಯಾದರೂ ಬಾಂಟು ಕುಲದ್ದೇ. ರಕ್ತದ ಲೆಕ್ಕದಲ್ಲಿ ಅದು ಅವರಿಗಿಂತ ಸಿದ್ದಿಗಳಿಗೆ ಹತ್ತಿರ. ಸಿದ್ದಿಗಳಿಗೋ ಅದರ ಹಂಗಿಲ್ಲ, ಮನೆಯಲ್ಲಿ ಕೊಂಕಣಿಯ ಬೆರಕೆ ಮಾತು, ಹೊರಗೆ ಅಚ್ಚ ಕನ್ನಡ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರು ಸುಮಾರು ಹತ್ತು ಸಾವಿರ ಮಂದಿ. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರಿದ್ದಾರೆ.

ಮೂರೂ ಧರ್ಮದವರು ಒಂದೆಡೆ ಸೇರುವ ಜಾಗವೂ ಒಂದಿದೆ. ಯಲ್ಲಾಪುರ ಸೀಮೆಯ ಕಾಡಿನಲ್ಲಿರುವ ಸಿದ್ದಿನಾಸ್. ಅದು ಅವರ ಮೂಲಪುರುಷನ ಸ್ಥಾನ. ವರ್ಷಕ್ಕೊಮ್ಮೆ ಜಾತ್ರೆಗೆ ಚರ್ಚಿಗೆ ಹೋಗುವವರು, ನಮಾಜು ಮಾಡುವವರು, ಮಾರಿಕಾಂಬೆಗೆ ನಡೆದುಕೊಳ್ಳುವವರು ಒಟ್ಟಿಗೆ ಬಂದು ಹರಕೆ ಒಪ್ಪಿಸುತ್ತಾರೆ. ನವರಾತ್ರಿಯ ಹೊತ್ತಿಗೆ ಹಿಂದೂ ಸಿದ್ದಿಗಳ ಮನೆಗಳಲ್ಲಿ ‘ಹಿರಿಯರ’ ಪೂಜೆ ನಡೆಯುತ್ತದೆ. ಕರೆಂಗಾ ಅವರು ಯೋಚಿಸಿ ಯೋಚಿಸಿ ರೂಪಿಸಿದ್ದನ್ನು, ಹಿರಿಯರ ನೆನಪಿನ ಸುತ್ತ ಜನ ಕೂಡುವುದನ್ನು, ಸಿದ್ದಿಗಳು ಯಾರ ಮಾರ್ಗದರ್ಶನವೂ ಇಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಜೊತೆಗೆ ದಮಾಮಿ ಕುಣಿತ. ಚರ್ಮದ ದಮಾಮದ ಪೆಟ್ಟು ಬಿದ್ದರೆ ಮುದುಕಿಯರೂ ಎದ್ದು ಕುಣಿಯುತ್ತಾರೆ. ಹೆಂಗಸರದ್ದೇ ಆದ ಪುಗಡಿ ಕುಣಿತ ಬೇರೆ.

ಸಿದ್ದಿಗಳ ಇನ್ನೊಂದು ಕಲೆಯಾದ ಕೌದಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಹೊಲಿಯುತ್ತಾರೆ, ನಿಜ. ಸಿದ್ದಿ ಹೆಂಗಸರ ಕೌದಿಯ ಜಾಡೇ ಬೇರೆ. ಹಳೆ ಸೀರೆ, ಲುಂಗಿ, ಮಕ್ಕಳ ಅಂಗಿಯ ತುಂಡುಗಳನ್ನು ಅಂಚಿನ ಒಂದು ಮೂಲೆಯಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಕ್ರೈಸ್ತರ ಮನೆಯದಾದರೆ ಶಿಲುಬೆ, ಮುಸ್ಲಿಮರದಾದರೆ ಅರ್ಧಚಂದ್ರ ನುಸುಳುವುದುಂಟು. ಕಡೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’ ಕೂಡಿಸಬೇಕು, ಅದಿಲ್ಲದ ಕೌದಿ ಮೈಮೇಲೆ ಬಟ್ಟೆಯಿಲ್ಲದಂತೆ ಎನ್ನುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಕಂಡು ಬೆರಗಾಗಿ ಅಮೆರಿಕದಲ್ಲಿ ಪ್ರದರ್ಶನ ಮಾಡಿಸಿದರು. ಬೆಂಗಳೂರಿನವರು ಇನ್ನೂ ಜೈಪುರದ ರಜಾಯಿಯನ್ನೇ ಕೊಳ್ಳುತ್ತಿದ್ದೇವೆ.

ರಂಗಭೂಮಿಯವರು ಮಾತ್ರ ಬೇಗ ಎಚ್ಚೆತ್ತರು. 80ರ ದಶಕದಲ್ಲಿ ನೀನಾಸಂನವರು ಮಂಚಿಕೇರಿಯ ಸಿದ್ದಿಗಳನ್ನು ಕೂಡಿಸಿ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ಆಡಿಸಿದರು. ಆಮೇಲೆ ಗಿರಿಜಾ ಸಿದ್ದಿ ರಂಗಭೂಮಿಗೆ, ಪ್ರಶಾಂತ್ ಸಿದ್ದಿ ಸಿನಿಮಾಕ್ಕೆ ಬಂದರು. ಸರಕಾರದ ನಡಿಗೆ ನಿಧಾನ. 1987ರ ಸುಮಾರಿಗೆ ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ತಯಾರು ಮಾಡುವ ಕೇಂದ್ರದ ಯೋಜನೆ ಬಂತು, ಕೆಲವೇ ವರ್ಷಕ್ಕೆ ನಿಂತೂ ಹೋಯಿತು. ಪದಕದ ಆಸೆಗೆ ಅವರ ಮೈಕಟ್ಟನ್ನಷ್ಟೇ ನೋಡಿದ ಯೋಜನೆ ಅದು. ಅರ್ಧಕ್ಕೆ ಕೈಬಿಟ್ಟ ಮಕ್ಕಳು ಮುಂದೇನು ಮಾಡಬೇಕೆಂದು ಯಾರೂ ಯೋಚಿಸಲಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾದರು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರಾದರು.

ಇಷ್ಟಾದರೂ ಯಲ್ಲಾಪುರದ ಸಿದ್ದಿ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರೆ ಆಟೊದವರು ಇಂಗ್ಲಿಷಿನಲ್ಲಿ ಬಾಡಿಗೆ ಹೇಳುತ್ತಾರೆ. ಬಾಡಿಗೆ ಮನೆಯವರು ಪಾಸ್‌ಪೋರ್ಟ್ ಕೇಳುತ್ತಾರೆ. ‘ಅಣ್ಣಾ, ನಾನು ಇಲ್ಲಿಯವನೇ’ ಎಂದರೆ, ‘ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀಯಪ್ಪ!’ ಎಂಬ ಮೆಚ್ಚುಗೆ. ಓದಲು ಬಂದ ಆಫ್ರಿಕದ ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟ. 2016ರ ಜನವರಿ ಕೊನೆಯಲ್ಲಿ ಸೂಡಾನ್ ದೇಶದವನೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತಾಗ, ಹೆಸರಘಟ್ಟದ ಕಡೆ ಗುಂಪು ಸೇರಿದವರು ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಎಳೆದು ಹೊಡೆದರು. ಮೈಬಣ್ಣ ಒಂದೇ ಎಂಬುದಷ್ಟೇ ಆಕೆಯ ಅಪರಾಧ. ರಾಗಿಗೆ, ಹುಣಸೆಗೆ, ಕಡಲೆಕಾಯಿಗೆ ನಾವು ಎಂದೂ ಕೇಳದ ‘ಯಾವೂರು’ ಎಂಬ ಪ್ರಶ್ನೆಯನ್ನು ನಾಲ್ಕು ನೂರು ವರ್ಷದಿಂದ ಇಲ್ಲಿರುವ ಜನಕ್ಕೆ ದಿನಾ ಕೇಳುತ್ತೇವೆ.

ಹಬ್ಬಕ್ಕೆ ಬರೋಣ. ಸಂಕ್ರಾಂತಿಗೆ ನಮ್ಮ ಬಡಾವಣೆಗಳ ಪಾರ್ಕುಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಎಳ್ಳುಬೆಲ್ಲ, ರಂಗೋಲಿ ಸ್ಪರ್ಧೆ, ಆರ್ಕೆಸ್ಟ್ರಾ ನಡೆಯುತ್ತವೆ. ಸಂಘದವರಿಗೆ ಒಂದು ವಿನಂತಿ. ಈ ಸಲ ಆರ್ಕೆಸ್ಟ್ರಾದ ದುಡ್ಡಿನಲ್ಲಿ ಸಿದ್ದಿಗಳ ದಮಾಮಿ ತಂಡವೊಂದನ್ನು ಕರೆಸಿ. ಬ್ಯಾನರಿನ ಮೇಲೆ ‘ಆಫ್ರಿಕನ್ ಡಾನ್ಸ್’ ಎಂದು ಹಾಕಬೇಡಿ, ‘ಉತ್ತರ ಕನ್ನಡದ ಸಿದ್ದಿ ಕಲಾವಿದರು’ ಎಂದು ಬರೆಸಿ. ಎಲೆಯ ತುಂಡು ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಬನ್ನಿ ಎಂದು ಒತ್ತಾಯಿಸುವುದು ಬೇಡ. ಅವರು ತಮ್ಮ ಊರಿನಲ್ಲಿ ಹಾಗಿರುವುದಿಲ್ಲ. ಕೌದಿ ತರುವಂತೆ ಹೇಳಿ, ಒಂದೊಂದಕ್ಕೂ ವಾರಗಟ್ಟಲೆ ಕೈಕೆಲಸ ಹಿಡಿದಿದೆ ಎಂಬುದನ್ನು ನೆನಪಿಟ್ಟುಕೊಂಡು ಬೆಲೆಯಲ್ಲಿ ಚೌಕಾಸಿ ಮಾಡದೆ ಕೊಳ್ಳಿ. ಸಂಭಾವನೆಯನ್ನು, ಬಸ್ಸಿನ ಖರ್ಚನ್ನು ಮುಂಗಡವಾಗಿಯೇ ಕಳುಹಿಸಿ. ಊಟಕ್ಕೆ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿ. ಯಲ್ಲಾಪುರಕ್ಕೆ ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದಾರಿ, ಅಷ್ಟೇ. ಕರೆಯೋಲೆಯನ್ನು ಕನ್ನಡದಲ್ಲೇ ಬರೆಯಿರಿ.